ಅಂಗಡಿಗೆ ತಲುಪದ ಮದ್ದಿನ ಚೀಟಿ

ನಿಮ್ಮ ಮನೆಯ ಕಪಾಟಿನ ಮೇಲೂ ಒಂದು ಪ್ಲಾಸ್ಟಿಕ್ ಕವರ್ ಇರಬಹುದು. ಸ್ಕ್ಯಾನಿಂಗ್ ರಿಪೋರ್ಟು, ರಕ್ತ ಪರೀಕ್ಷೆಯ ಕಾಗದ, ಹಳೆಯ ಬಿಲ್ಲುಗಳು ಎಲ್ಲವನ್ನೂ ಅದರಲ್ಲಿ ತುಂಬಿಸಿಟ್ಟಿರುತ್ತೀರಿ. ಬಿಡುವಾದಾಗ ಅದನ್ನೊಮ್ಮೆ ಕೆಳಗಿಳಿಸಿ ನೋಡಿ. ವೈದ್ಯರು ಬರೆದುಕೊಟ್ಟ, ಆದರೆ ಮದ್ದು ಕೊಳ್ಳದೆ ಹಾಗೆಯೇ ಮಡಚಿಟ್ಟ ಒಂದೆರಡು ಚೀಟಿಗಳು ಸಿಕ್ಕಿದರೆ ಅಚ್ಚರಿಪಡಬೇಡಿ. ಆ ಚೀಟಿ ಯಾರ ಹೆಸರಿನದು ಎಂಬುದನ್ನೂ ನೋಡಿ. ಮಗುವಿನ ಚೀಟಿಯಂತೂ ಅದಾಗಿರಲಾರದು. ಮಗುವಿಗೆ ಜ್ವರ ಬಂದರೆ ಸಾಲ ಮಾಡಿಯಾದರೂ ಮದ್ದು ತರುತ್ತೇವೆ. ದುಡಿಯುವ ಗಂಡಸಿನದೂ ಆಗಿರುವ ಸಾಧ್ಯತೆ ಕಡಿಮೆ. ಎಷ್ಟೋ ಮನೆಗಳಲ್ಲಿ ಅದು ತಾಯಿಯದು, ಇಲ್ಲವೇ ವಯಸ್ಸಾದ ಅಜ್ಜಿಯದು.

ವೈದ್ಯರಲ್ಲಿಗೆ ಹೋಗಿ, ಸರದಿಯಲ್ಲಿ ಕಾದು, ಫೀಸು ಕೊಟ್ಟು, ಚೀಟಿ ಪಡೆದ ಮೇಲೆ ಮದ್ದನ್ನೇ ಕೊಳ್ಳದಿರುವುದು ವಿಚಿತ್ರವಾಗಿ ಕಾಣುತ್ತದೆ. "ಉದಾಸೀನ, ಹೇಳಿದರೆ ಕೇಳುವುದಿಲ್ಲ" ಎಂದು ನಾವು ಗದರುತ್ತೇವೆ. ಆದರೆ ಮದ್ದು ಕೊಳ್ಳದವರಲ್ಲಿ ಹೆಚ್ಚಿನವರು ಉದಾಸೀನರಲ್ಲ. ಅವರು ಯೋಚಿಸಿಯೇ ಆ ತೀರ್ಮಾನಕ್ಕೆ ಬಂದಿರುತ್ತಾರೆ, ಯಾರಿಗೂ ಹೇಳಿರುವುದಿಲ್ಲ ಅಷ್ಟೆ. ರೋಗ ಬೆಳೆಯುವುದು ಈ ಮೌನದಲ್ಲಿ.

ಇದು ನಮ್ಮಲ್ಲಿ ಮಾತ್ರವೇ?

ಖಂಡಿತ ಅಲ್ಲ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ವೈದ್ಯರು ಕಂಪ್ಯೂಟರಿನಲ್ಲಿ ಬರೆದ ಚೀಟಿಗಳನ್ನೂ ಔಷಧಾಲಯಗಳು ಕೊಟ್ಟ ಮದ್ದಿನ ದಾಖಲೆಗಳನ್ನೂ ಹೋಲಿಸಿ ನೋಡಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಹೊಸದಾಗಿ ಬರೆದುಕೊಟ್ಟ ಔಷಧಿಗಳಲ್ಲಿ ಶೇಕಡಾ 31ರಷ್ಟನ್ನು ಒಂಬತ್ತು ತಿಂಗಳು ಕಳೆದರೂ ರೋಗಿಗಳು ಕೊಂಡಿರಲಿಲ್ಲ. ಔಷಧಿ ದುಬಾರಿಯಾದಷ್ಟೂ ಕೊಳ್ಳದೆ ಬಿಟ್ಟವರು ಹೆಚ್ಚು. ಉಚಿತವಾಗಿ ಮದ್ದು ಸಿಗುತ್ತಿದ್ದವರಲ್ಲಿ ಬಿಟ್ಟವರು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಇನ್ನೊಂದು ಮಾತು ಹೇಳಿತ್ತು: ಶ್ರೀಮಂತ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಗಳಿಗೆ ಹೇಳಿದಂತೆ ಮದ್ದು ತೆಗೆದುಕೊಳ್ಳುವವರು ಸುಮಾರು ಅರ್ಧದಷ್ಟು ಮಂದಿ ಮಾತ್ರ.

ನಮ್ಮಲ್ಲಿ ಚೀಟಿ ಹೆಚ್ಚಾಗಿ ಕಾಗದದ್ದು. ಅದು ಅಂಗಡಿಗೆ ಹೋಯಿತೋ, ಪರ್ಸಿನಲ್ಲೇ ಉಳಿಯಿತೋ ಎಂದು ಲೆಕ್ಕ ಇಡುವವರಿಲ್ಲ. ಆದರೆ ರೋಗದ ಲೆಕ್ಕ ಇದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ವಯಸ್ಕರಲ್ಲಿ ಶೇಕಡಾ 35ಕ್ಕೂ ಹೆಚ್ಚು ಮಂದಿಗೆ ರಕ್ತದೊತ್ತಡವಿದೆ. ಇವೆರಡೂ ಪ್ರತಿದಿನ ಮದ್ದು ಬೇಡುವ ಕಾಯಿಲೆಗಳು. ಆರಂಭದಲ್ಲಿ ನೋವನ್ನೇ ಕೊಡದ ಕಾಯಿಲೆಗಳೂ ಹೌದು.

ಹಣ ಎಲ್ಲಿ ಮುಗಿಯುತ್ತದೆ?

ಮೊದಲ ಕಾರಣ ಹಣ. ಆದರೆ ಅದು ಹೇಗೆ ಮುಗಿಯುತ್ತದೆ ಎಂಬುದನ್ನು ಗಮನಿಸಿ. ಆಟೋ ಬಾಡಿಗೆ, ವೈದ್ಯರ ಫೀಸು, ರಕ್ತ ಪರೀಕ್ಷೆ, ಬೇಕೆಂದರೆ ಸ್ಕ್ಯಾನಿಂಗ್. ಇವೆಲ್ಲ ಮದ್ದಿಗಿಂತ ಮೊದಲೇ ಬರುವ ಖರ್ಚುಗಳು. ಕೌಂಟರಿನ ಮುಂದೆ ನಿಲ್ಲುವ ಹೊತ್ತಿಗೆ ಕೈಯಲ್ಲಿ ಉಳಿದಿರುವುದು ಮುನ್ನೂರು ರೂಪಾಯಿ, ಬಿಲ್ಲು ಒಂಬೈನೂರು. ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. "ಇವೆರಡು ಸಾಕು, ಉಳಿದದ್ದು ನಾಳೆ ಬಂದು ಕೊಂಡು ಹೋಗುತ್ತೇವೆ" ಎಂದುಬಿಡುತ್ತೇವೆ. ಆ ನಾಳೆ ಬರುವುದಿಲ್ಲ.

ಕೊಂಡ ಆ ಎರಡು ಯಾವುವು? ನೋವಿನ ಗುಳಿಗೆ ಮತ್ತು ಟಾನಿಕ್. ಯಾಕೆಂದರೆ ಅವುಗಳ ಪ್ರಯೋಜನ ತಕ್ಷಣ ಕಾಣುತ್ತದೆ. ಬಿಟ್ಟದ್ದು ಯಾವುದು? ಬಿಪಿಯದು, ಕೊಲೆಸ್ಟ್ರಾಲಿನದು. ಬಿಡಬಾರದಿದ್ದದ್ದೇ ಅದು.

ಆದ್ದರಿಂದ ವೈದ್ಯರ ಕೋಣೆಯಿಂದ ಹೊರಬರುವ ಮೊದಲು ಎರಡು ಪ್ರಶ್ನೆ ಕೇಳಿ. "ಡಾಕ್ಟ್ರೇ, ಇದರಲ್ಲಿ ಬಿಡಲೇಬಾರದ ಮದ್ದು ಯಾವುದು?" ಮತ್ತು "ಕಡಿಮೆ ಬೆಲೆಯದು ಬರೆದುಕೊಡಬಹುದೇ?" ಕೇಳಲು ನಾಚಿಕೆ ಬೇಡ. ಔಷಧಿಯ ಮೂಲ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲೇ ವೈದ್ಯರಿಗೆ ಸೂಚಿಸಿತ್ತು. ಈ ಮಾತನ್ನು ವೈದ್ಯರ ಕೋಣೆಯಲ್ಲೇ ಕೇಳಬೇಕು. ಇಂಥ ಔಷಧಿಗಳಲ್ಲಿ ಚೀಟಿಯಲ್ಲಿರುವ ಬ್ರಾಂಡನ್ನು ತಾವಾಗಿಯೇ ಬದಲಿಸಿ ಕೊಡಲು ಮೆಡಿಕಲ್ ಅಂಗಡಿಯವರಿಗೆ ನಿಯಮದಲ್ಲಿ ಅವಕಾಶವಿಲ್ಲ.

ಮೂಲ ಹೆಸರಿನಲ್ಲಿ ಬರೆದ ಚೀಟಿಯಿದ್ದರೆ ಜನೌಷಧಿ ಕೇಂದ್ರಕ್ಕೆ ಹೋಗಬಹುದು. 2008ರಲ್ಲಿ ಶುರುವಾದ ಈ ಯೋಜನೆಯ ಅಂಗಡಿಗಳು ಇಂದು ಹೆಚ್ಚಿನ ಪಟ್ಟಣಗಳಲ್ಲಿವೆ. ಪ್ರಸಿದ್ಧ ಬ್ರಾಂಡುಗಳಿಗೆ ಹೋಲಿಸಿದರೆ ಬೆಲೆ ಅರ್ಧಕ್ಕಿಂತಲೂ ಕಡಿಮೆ. ಸಕ್ಕರೆ ಕಾಯಿಲೆಗೆ ಸಾಮಾನ್ಯವಾಗಿ ಬರೆಯುವ ಮೆಟ್‌ಫಾರ್ಮಿನ್, ಬಿಪಿಗೆ ಬರೆಯುವ ಅಮ್ಲೋಡಿಪಿನ್ ಅಲ್ಲಿ ಸಿಗುತ್ತವೆ. ದಿನದ ಗುಳಿಗೆಯ ಖರ್ಚು ಒಂದು ಲೋಟ ಚಹಾದ ಬೆಲೆಯನ್ನೂ ಮೀರುವುದಿಲ್ಲ. ಅಗ್ಗದ ಮದ್ದು ಕೆಲಸ ಮಾಡದು ಎಂಬ ಅನುಮಾನ ಬೇಡ. ಬ್ರಾಂಡ್ ಬೇರೆಯಾದರೂ ಒಳಗಿರುವ ಔಷಧಿ ಅದೇ.

ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ ಮತ್ತು ಸಕ್ಕರೆ ಕಾಯಿಲೆಯ ಸಾಮಾನ್ಯ ಗುಳಿಗೆಗಳು ಉಚಿತ. ತಾಲೂಕು ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಎನ್‌ಸಿಡಿ ಕ್ಲಿನಿಕ್‌ಗಳಿವೆ. ಖಾಸಗಿ ವೈದ್ಯರ ಚೀಟಿ ತೋರಿಸಿ ಅಲ್ಲಿ ಹೆಸರು ನೋಂದಾಯಿಸುವ ಬಗ್ಗೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಇನ್ನೊಂದು ತಪ್ಪು ತಿಳಿವಳಿಕೆ ಇದೆ. "ಆಯುಷ್ಮಾನ್ ಕಾರ್ಡ್ ಇದೆಯಲ್ಲ" ಎಂದು ಹಲವರು ನಿಶ್ಚಿಂತರಾಗಿರುತ್ತಾರೆ. ಆ ಕಾರ್ಡು ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಗೆ. ತಿಂಗಳು ತಿಂಗಳು ಕೊಳ್ಳುವ ಗುಳಿಗೆಯ ಖರ್ಚನ್ನು ಅದು ಭರಿಸುವುದಿಲ್ಲ.

"ನನಗೇನೂ ಆಗಿಲ್ಲವಲ್ಲ"

ಬಿಪಿ 160 ಇದ್ದರೂ ತಲೆನೋವಿಲ್ಲ. ಸಕ್ಕರೆ 250 ಇದ್ದರೂ ಅಡುಗೆ, ಪಾತ್ರೆ, ಬಟ್ಟೆ ಎಲ್ಲ ನಡೆಯುತ್ತಿದೆ. ಹೀಗಿರುವಾಗ ಗುಳಿಗೆ ಯಾಕೆ ಎಂಬ ಪ್ರಶ್ನೆ ಸಹಜ. ಅದರ ಜೊತೆಗೇ ಒಂದು ಭಯವೂ ಇದೆ: "ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ತಿನ್ನಬೇಕು." ಶುರು ಮಾಡದಿದ್ದರೆ ರೋಗವೂ ಶುರುವಾಗದು ಎಂಬಂತೆ ಚೀಟಿಯನ್ನು ಬದಿಗಿಡುತ್ತೇವೆ.

ಜೀವನಪೂರ್ತಿ ಉಳಿಯುವುದು ರೋಗ. ಅದನ್ನು ಹತೋಟಿಯಲ್ಲಿಡಲು ಗುಳಿಗೆ. ಹತೋಟಿ ತಪ್ಪಿದ ರಕ್ತದೊತ್ತಡ ಮೆದುಳಿನ, ಹೃದಯದ, ಮೂತ್ರಪಿಂಡದ ರಕ್ತನಾಳಗಳನ್ನು ಸದ್ದಿಲ್ಲದೆ ಹಾಳುಮಾಡುತ್ತದೆ. ಒಂದು ಬೆಳಗ್ಗೆ ಫಜ್ರ್ ನಮಾಝಿಗೆ ಎದ್ದಾಗ ಒಂದು ಕೈ ಮೇಲೇಳುವುದಿಲ್ಲ, ಬಾಯಿ ಓರೆಯಾಗಿರುತ್ತದೆ. ಮನೆಯವರು "ನಿನ್ನೆವರೆಗೆ ಚೆನ್ನಾಗಿದ್ದರು" ಎನ್ನುತ್ತಾರೆ. ಚೆನ್ನಾಗಿರಲಿಲ್ಲ, ಅದು ಹೊರಗೆ ಕಾಣುತ್ತಿರಲಿಲ್ಲ ಅಷ್ಟೆ.

ಮದ್ದಿನ ಅಡ್ಡಪರಿಣಾಮದ ಭಯ ಇನ್ನೊಂದು. "ಇಂಗ್ಲಿಷ್ ಮದ್ದು ಉಷ್ಣ", "ಶುಗರಿನ ಗುಳಿಗೆ ತಿಂದರೆ ಕಿಡ್ನಿ ಹೋಗುತ್ತದೆ" ಎಂಬ ಸಂದೇಶಗಳು ವಾಟ್ಸ್‌ಆಪ್‌ನಲ್ಲಿ ತಿರುಗುತ್ತಲೇ ಇರುತ್ತವೆ. ಮೆಟ್‌ಫಾರ್ಮಿನ್ ಕಿಡ್ನಿಯನ್ನು ಹಾಳು ಮಾಡುವುದಿಲ್ಲ. ಕಿಡ್ನಿ ಆಗಲೇ ದುರ್ಬಲವಾಗಿದ್ದರೆ ವೈದ್ಯರು ಅದರ ಪ್ರಮಾಣವನ್ನು ಕಡಿಮೆ ಮಾಡುತ್ತಾರೆ ಅಥವಾ ನಿಲ್ಲಿಸುತ್ತಾರೆ, ಅಷ್ಟೆ. ಕಿಡ್ನಿಯನ್ನು ಹಾಳು ಮಾಡುವ ದೊಡ್ಡ ಕಾರಣಗಳಲ್ಲಿ ಎರಡು, ಹತೋಟಿಯಲ್ಲಿಲ್ಲದ ಸಕ್ಕರೆ ಮತ್ತು ಹತೋಟಿಯಲ್ಲಿಲ್ಲದ ಬಿಪಿ. ಮೆಟ್‌ಫಾರ್ಮಿನ್ ಆರಂಭದಲ್ಲಿ ಹೊಟ್ಟೆ ಕೆಡಿಸಬಹುದು, ಅದು ನಿಜ. ಊಟದ ಜೊತೆ ತೆಗೆದುಕೊಂಡರೆ ಹೆಚ್ಚಿನವರಿಗೆ ಇದು ಸರಿಹೋಗುತ್ತದೆ. ಇಂಥದ್ದನ್ನು ವೈದ್ಯರಿಗೆ ತಿಳಿಸಿದರೆ ಪರಿಹಾರವಿದೆ. ಸುಮ್ಮನೆ ಬಿಟ್ಟರೆ ಇಲ್ಲ.

ನಾಚಿಕೆಯಿಂದ ಉಳಿದ ಚೀಟಿ

ಕೆಲವು ಚೀಟಿಗಳು ಹಣವಿದ್ದರೂ ಅಂಗಡಿಗೆ ಹೋಗುವುದಿಲ್ಲ. ಬಿಳಿಸೆರಗು, ಮುಟ್ಟಿನ ತೊಂದರೆ, ಗರ್ಭಕೋಶದ ಸೋಂಕು, ಮೂಲವ್ಯಾಧಿ. ಅಂಗಡಿಯಲ್ಲಿ ನಿಂತ ಹುಡುಗ ಪಕ್ಕದ ಮನೆಯವನು. ಚೀಟಿಯನ್ನು ಮಗನ ಕೈಗೆ ಕೊಡಲು ಸಂಕೋಚ, ಗಂಡನಿಗೆ ಬಿಡಿಸಿ ಹೇಳಲು ಮುಜುಗರ. ಹೀಗೆ ಹೆಣ್ಣುಮಕ್ಕಳು ವರ್ಷಗಟ್ಟಲೆ ನರಳುತ್ತಾರೆ. ಮನಸ್ಸಿನ ಕಾಯಿಲೆಯ ಮದ್ದಂತೂ ಇನ್ನೂ ಕಷ್ಟ. ಹೆರಿಗೆಯ ನಂತರ ಖಿನ್ನತೆಗೊಳಗಾದ ಸೊಸೆಗೆ ಬರೆದುಕೊಟ್ಟ ಗುಳಿಗೆಯನ್ನು "ಹುಚ್ಚಿನ ಮದ್ದು" ಎಂದು ಹಿರಿಯರೇ ತಡೆಯುವುದುಂಟು. ಆ ಗುಳಿಗೆಗಳ ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಅಷ್ಟರೊಳಗೆ "ಏನೂ ಪ್ರಯೋಜನವಿಲ್ಲ" ಎಂದು ಎರಡನೆಯ ಪಟ್ಟಿಯನ್ನು ಕೊಳ್ಳದೆ ಬಿಟ್ಟುಬಿಡುತ್ತಾರೆ.

ಗಂಡಸರೇ, ಪತ್ನಿಯನ್ನು ವೈದ್ಯರಲ್ಲಿಗೆ ಕರೆದೊಯ್ದ ಮೇಲೆ ಮದ್ದನ್ನು ಅಲ್ಲೇ ಕೊಂಡು ಬರುವುದು ನಿಮ್ಮ ಹೊಣೆ. ಪ್ರಶ್ನೆಗಳನ್ನು ಕೇಳಿ ಮುಜುಗರಪಡಿಸಬೇಡಿ. ತಾಯಂದಿರೇ, ಊರಿನ ಅಂಗಡಿ ಬೇಡವೆನಿಸಿದರೆ ಆಸ್ಪತ್ರೆಯ ಪಕ್ಕದಲ್ಲೇ ಕೊಂಡುಬಿಡಿ, ಅಥವಾ ಕೌಂಟರಿನಲ್ಲಿ ಮಹಿಳೆಯರಿರುವ ಅಂಗಡಿಗೆ ಹೋಗಿ. ಮನಸ್ಸಿನ ತೊಂದರೆಗಳ ಬಗ್ಗೆ ಹೆಸರು ಹೇಳದೆಯೂ ಮಾತನಾಡಬೇಕೆನಿಸಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಹಲಾಲ್‌ನ ಸಂದೇಹ, ತವಕ್ಕುಲ್‌ನ ತಪ್ಪರ್ಥ

ನಮ್ಮ ಮನೆಗಳಲ್ಲಿ ಇನ್ನೊಂದು ಕಾರಣವೂ ಇದೆ. "ಈ ಕ್ಯಾಪ್ಸೂಲಿನ ಹೊರಕವಚ ಯಾವುದರದ್ದೋ", "ಇನ್ಸುಲಿನ್ ಹಂದಿಯದ್ದಂತೆ." ಹಲಾಲ್ ಬಗ್ಗೆ ಎಚ್ಚರ ವಹಿಸುವುದು ಒಳ್ಳೆಯದೇ. ಆದರೆ ಸಂದೇಹವನ್ನು ಬಗೆಹರಿಸಿಕೊಳ್ಳಬೇಕೇ ಹೊರತು ಅದರ ಹೆಸರಿನಲ್ಲಿ ಚೀಟಿಯನ್ನು ಮಡಚಿಡಬಾರದು. ಹಿಂದೆ ಇನ್ಸುಲಿನನ್ನು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದುದು ನಿಜ. ಆದರೆ ಸೂಕ್ಷ್ಮಜೀವಿಗಳ ಮೂಲಕ ತಯಾರಿಸುವ ಮಾನವ ಇನ್ಸುಲಿನ್ 1982ರಲ್ಲೇ ಬಂತು. ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಯೀಸ್ಟ್ ಬಳಸಿ ತಯಾರಿಸಿದ ಇನ್ಸುಲಿನನ್ನು ಮಾರುಕಟ್ಟೆಗೆ ತಂದಿತು. ಇಂದು ವೈದ್ಯರು ಸಾಮಾನ್ಯವಾಗಿ ಬರೆದುಕೊಡುವುದು ಇಂಥ ಇನ್ಸುಲಿನನ್ನೇ. ಕ್ಯಾಪ್ಸೂಲಿನ ಬಗ್ಗೆ ಸಂದೇಹವಿದ್ದರೆ "ಇದೇ ಮದ್ದು ಗುಳಿಗೆಯಾಗಿ ಸಿಗುತ್ತದೆಯೇ, ಸಸ್ಯಮೂಲದ ಕವಚದ್ದಿದೆಯೇ?" ಎಂದು ವೈದ್ಯರನ್ನು ಕೇಳಿ. ಬೇರೆ ದಾರಿಯಿಲ್ಲದಿದ್ದರೆ ನೀವು ನಂಬುವ ವಿದ್ವಾಂಸರನ್ನು ಕೇಳಿ. ಉತ್ತರ ಸಿಗುವವರೆಗೆ ಮದ್ದು ನಿಲ್ಲಿಸುವ ಮೊದಲು ವೈದ್ಯರಿಗೂ ತಿಳಿಸಿ.

"ಅಲ್ಲಾಹನು ಗುಣಪಡಿಸುತ್ತಾನೆ, ಮದ್ದೇಕೆ?" ಎನ್ನುವವರೂ ಇದ್ದಾರೆ. ಗುಣ ಕೊಡುವವನು ಅಲ್ಲಾಹನೇ ಎಂಬುದರಲ್ಲಿ ನಮಗಾರಿಗೂ ಸಂದೇಹವಿಲ್ಲ. ಆದರೆ ಪ್ರವಾದಿ(ಸ)ರು ಚಿಕಿತ್ಸೆ ಪಡೆಯಬೇಕೆಂದೇ ಕಲಿಸಿದರು. ಒಂಟೆಯನ್ನು ಕಟ್ಟಿ ಆಮೇಲೆ ಭರವಸೆಯಿಡುವ ಪಾಠವನ್ನು ನಾವೆಲ್ಲ ಮದ್ರಸದಲ್ಲೇ ಕೇಳಿದ್ದೇವೆ. ಕರಿಜೀರಿಗೆ, ಜೇನು ಬಳಸುವವರು ಬಳಸಲಿ. ಆದರೆ ಅದನ್ನು ವೈದ್ಯರಿಗೆ ತಿಳಿಸಿ, ಮತ್ತು ಅವುಗಳನ್ನು ನೆಪ ಮಾಡಿ ಇನ್ಸುಲಿನನ್ನೋ ಬಿಪಿಯ ಗುಳಿಗೆಯನ್ನೋ ಬಿಡಬೇಡಿ.

ರಮಝಾನ್‌ನಲ್ಲಿ ಎಷ್ಟೋ ಚೀಟಿಗಳು ಒಂದು ತಿಂಗಳು ರಜೆ ಪಡೆಯುತ್ತವೆ. ದಿನಕ್ಕೆ ಮೂರು ಹೊತ್ತಿನ ಗುಳಿಗೆಯನ್ನು ಉಪವಾಸದಲ್ಲಿ ಹೇಗೆ ತಿನ್ನುವುದು ಎಂದು ಕೊಳ್ಳುವುದನ್ನೇ ನಿಲ್ಲಿಸುತ್ತಾರೆ. ಇನ್ನು ಕೆಲವರು ಮೂರು ಹೊತ್ತಿನದನ್ನು ಇಫ್ತಾರಿಗೆ ಒಟ್ಟಿಗೆ ನುಂಗುತ್ತಾರೆ. ಎರಡೂ ಅಪಾಯ. 2001ರಲ್ಲಿ 13 ದೇಶಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಸಕ್ಕರೆ ಕಾಯಿಲೆಯವರನ್ನು ಒಳಗೊಂಡು ನಡೆದ ಎಪಿಡಿಯಾರ್ ಅಧ್ಯಯನದಲ್ಲಿ, ಎರಡನೆಯ ಬಗೆಯ ಸಕ್ಕರೆ ಕಾಯಿಲೆಯಿದ್ದವರಿಗೆ ರಮಝಾನ್‌ನಲ್ಲಿ ಸಕ್ಕರೆ ತೀರಾ ಇಳಿದು ತೊಂದರೆಯಾಗುವ ಸಂಭವ ಏಳು ಪಟ್ಟಿಗೂ ಹೆಚ್ಚಾದದ್ದು ಕಂಡುಬಂತು. ಆದ್ದರಿಂದ ಆರರಿಂದ ಎಂಟು ವಾರ ಮೊದಲೇ, ಅಂದರೆ ರಜಬ್‌ನಲ್ಲೇ ವೈದ್ಯರನ್ನು ಕಂಡು ಸಹರಿ ಮತ್ತು ಇಫ್ತಾರ್ ಸಮಯಕ್ಕೆ ಹೊಂದುವಂತೆ ಮದ್ದನ್ನು ಬದಲಿಸಿಕೊಳ್ಳಿ. ಬೆರಳು ಚುಚ್ಚಿ ಸಕ್ಕರೆ ಪರೀಕ್ಷಿಸಿದರೆ ಉಪವಾಸ ಮುರಿಯುವುದಿಲ್ಲವೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು. ರೋಗಿಗಳಿಗೆ ವಿನಾಯಿತಿಯನ್ನು ಕುರ್‌ಆನ್ ಅಲ್‌ಬಕರ ಅಧ್ಯಾಯದಲ್ಲೇ ಕೊಟ್ಟಿದೆ.

ಗಲ್ಫಿನ ಮದ್ದು, ನೆರೆಮನೆಯ ಮದ್ದು

ಕರಾವಳಿಯ ಮನೆಗಳಲ್ಲಿ ಊರಿನ ಚೀಟಿ ಹಾಗೆಯೇ ಉಳಿಯಲು ಇನ್ನೊಂದು ಕಾರಣ, ಗಲ್ಫಿನಿಂದ ಬಂದ ಮದ್ದು. "ಮಗ ದುಬೈಯಿಂದ ಕಳಿಸಿದ್ದಾನೆ, ಒಳ್ಳೆಯ ಕಂಪೆನಿಯದು." ಅಲ್ಲಿ ಗ್ಲೂಕೋಫೇಜ್ ಎಂದು ಬರುವುದು, ಇಲ್ಲಿ ಗ್ಲೈಕೋಮೆಟ್ ಎಂದು ಸಿಗುವುದು, ಎರಡೂ ಮೆಟ್‌ಫಾರ್ಮಿನ್ನೇ. ಇದು ಗೊತ್ತಿಲ್ಲದೆ ಎರಡನ್ನೂ ತಿನ್ನುವವರಿದ್ದಾರೆ. ಹಳೆಯ ಪ್ರಮಾಣವನ್ನೇ ವರ್ಷಗಟ್ಟಲೆ ಮುಂದುವರಿಸಿ, ವೈದ್ಯರು ಬದಲಿಸಿ ಬರೆದದ್ದನ್ನು ಕೊಳ್ಳದವರೂ ಇದ್ದಾರೆ. ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿರುವ ಮೂಲ ಹೆಸರನ್ನು ಮನೆಯ ಓದಿದ ಮಕ್ಕಳಿಂದ ಓದಿಸಿ. ಮುಂದಿನ ಸಲ ಆ ಪಟ್ಟಿಯನ್ನೇ ವೈದ್ಯರಿಗೆ ತೋರಿಸಿ. "ನನಗೂ ಬಿಪಿ, ನಿನಗೂ ಬಿಪಿ" ಎಂದು ನೆರೆಮನೆಯವರೊಂದಿಗೆ ಗುಳಿಗೆ ಹಂಚಿಕೊಳ್ಳುವುದನ್ನೂ ನಿಲ್ಲಿಸಿ.

ವೈದ್ಯರಿಗೆ ಸುಳ್ಳು ಹೇಳಬೇಡಿ

ಮದ್ದು ಕೊಳ್ಳದವರು ಮುಂದಿನ ಸಲ ವೈದ್ಯರ ಮುಂದೆ ಕುಳಿತಾಗ "ತೆಗೆದುಕೊಳ್ಳುತ್ತಿದ್ದೇನೆ" ಎನ್ನುತ್ತಾರೆ. ಬೈಯುತ್ತಾರೆಂಬ ಭಯ. ಇದರಿಂದ ಏನಾಗುತ್ತದೆ ನೋಡಿ. ಬಿಪಿ ಇಳಿದಿಲ್ಲ. ಮದ್ದು ಸಾಲುತ್ತಿಲ್ಲವೆಂದು ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ ಅಥವಾ ಇನ್ನೊಂದನ್ನು ಸೇರಿಸುತ್ತಾರೆ. ಚೀಟಿ ಉದ್ದವಾಗುತ್ತದೆ, ಖರ್ಚು ಹೆಚ್ಚುತ್ತದೆ, ಕೊಳ್ಳುವುದು ಇನ್ನೂ ಕಷ್ಟವಾಗುತ್ತದೆ. ಯಾವಾಗಲೋ ಒಮ್ಮೆ ಆಸ್ಪತ್ರೆಗೆ ಸೇರಿಸಿದಾಗ ಅಷ್ಟನ್ನೂ ನರ್ಸ್ ಸರಿಯಾಗಿ ಕೊಟ್ಟರೆ ಬಿಪಿ ಒಮ್ಮೆಲೇ ಕುಸಿಯಬಹುದು. "ಡಾಕ್ಟ್ರೇ, ದುಡ್ಡಿರಲಿಲ್ಲ, ಕೊಂಡಿಲ್ಲ" ಎಂಬ ಒಂದು ಮಾತು ಇದನ್ನೆಲ್ಲ ತಪ್ಪಿಸುತ್ತದೆ. ವೈದ್ಯರೇ, ಈ ಪುಟ ನಿಮ್ಮ ಕೈಗೆ ಬಂದರೆ, ನೀವೂ ಗದರದೆ ಕೇಳಿ: "ಕಳೆದ ಸಲದ ಮದ್ದಿನಲ್ಲಿ ಯಾವುದನ್ನು ಕೊಳ್ಳಲು ಆಗಲಿಲ್ಲ?"

ಮನೆಯಲ್ಲಿ ಏನು ಮಾಡಬಹುದು?

• ತಿಂಗಳ ದಿನಸಿ ಪಟ್ಟಿಯಲ್ಲೇ ಮದ್ದನ್ನೂ ಬರೆಯಿರಿ. ಅಕ್ಕಿ, ಎಣ್ಣೆಯಂತೆ ಅದೂ ತಿಂಗಳ ಖರ್ಚೇ.
• ಒಮ್ಮೆಲೇ ತಿಂಗಳಿಗಾಗುವಷ್ಟು ಕೊಳ್ಳಲಾಗದಿದ್ದರೆ ಹತ್ತು ದಿನದ್ದು ಕೊಳ್ಳಿ. ಏನೂ ಕೊಳ್ಳದೆ ಮರಳಬೇಡಿ.
• ಹಣ ಸಾಲದಿದ್ದರೆ ಯಾವುದನ್ನು ಬಿಡುವುದೆಂದು ನೀವೇ ತೀರ್ಮಾನಿಸಬೇಡಿ. ವೈದ್ಯರನ್ನು ಅಥವಾ ಫಾರ್ಮಸಿಸ್ಟನ್ನು ಕೇಳಿ.
• ಸರ್ಕಾರಿ ಆಸ್ಪತ್ರೆಯಲ್ಲಿ "ಇದನ್ನು ಹೊರಗಿನಿಂದ ತನ್ನಿ" ಎಂದು ಕೊಟ್ಟ ಸಣ್ಣ ಚೀಟಿಯನ್ನು ಕಳೆದುಕೊಳ್ಳಬೇಡಿ. ಅದೇ ಮುಖ್ಯ ಮದ್ದಾಗಿರಬಹುದು.
• ಗುಳಿಗೆ ಮುಗಿಯಲು ಐದು ದಿನವಿರುವಾಗಲೇ ಮುಂದಿನದನ್ನು ತನ್ನಿ. ದೂರದಲ್ಲಿರುವ ಮಗ ಹಣ ಕಳಿಸುವ ತಾರೀಕನ್ನು ಇದಕ್ಕೆ ಹೊಂದಿಸಿಕೊಳ್ಳಿ.
• ತಾಯಿಯ ಬಳಿ "ಮದ್ದು ತಿಂದಿರಾ?" ಎಂದು ಕೇಳಬೇಡಿ. "ಹೌದು" ಎಂದೇ ಉತ್ತರ ಬರುತ್ತದೆ. "ಮದ್ದು ಎಲ್ಲಿದೆ, ತೋರಿಸಿ, ಎಷ್ಟು ಉಳಿದಿದೆ ನೋಡೋಣ" ಎನ್ನಿ.

ಜಮಾಅತ್‌ಗೊಂದು ಮಾತು

ಕೊನೆಯದಾಗಿ, ಮಸೀದಿ ಸಮಿತಿಗಳಲ್ಲಿರುವವರಿಗೆ. ಊರಿನಲ್ಲಿ ಯಾರಿಗಾದರೂ ಡಯಾಲಿಸಿಸ್, ಬೈಪಾಸ್ ಎಂದಾದರೆ ನಾವು ಮುಂದೆ ನಿಂತು ಚಂದಾ ಎತ್ತುತ್ತೇವೆ. ಜುಮಾದ ನಂತರ ಘೋಷಣೆಯಾಗುತ್ತದೆ, ಫೋಟೋ ಹಾಕಿದ ಸಂದೇಶ ಗುಂಪಿನಿಂದ ಗುಂಪಿಗೆ ಹೋಗುತ್ತದೆ, ಲಕ್ಷಗಳು ಸೇರುತ್ತವೆ. ಇದು ನಮ್ಮ ಸಮುದಾಯದ ದೊಡ್ಡ ಗುಣ. ಆದರೆ ಆ ರೋಗಿಯೇ ಐದು ವರ್ಷ ಹಿಂದೆ ತಿಂಗಳಿಗೆ ಮುನ್ನೂರು ರೂಪಾಯಿಯ ಬಿಪಿ ಗುಳಿಗೆ ಕೊಳ್ಳಲಾಗದೆ ಚೀಟಿ ಮಡಚಿಟ್ಟಾಗ ಯಾರಿಗೂ ಗೊತ್ತಾಗಿರಲಿಲ್ಲ. ಅಷ್ಟು ಸಣ್ಣ ಮೊತ್ತಕ್ಕೆ ಕೈಚಾಚಲು ಅವರಿಗೆ ಸ್ವಾಭಿಮಾನ ಬಿಡಲಿಲ್ಲ. ಕೇಳುವ ಯೋಚನೆ ನಮಗೂ ಬರಲಿಲ್ಲ.

ಬೈತುಲ್‌ಮಾಲ್‌ನ ಒಂದು ಸಣ್ಣ ಪಾಲನ್ನು ತಿಂಗಳ ಮದ್ದಿಗೆಂದು ಮೀಸಲಿಡಿ. ಝಕಾತ್‌ಗೆ ಅರ್ಹರಾದ ಬಡವರಿಗೆ ಅದರಿಂದಲೂ ಕೊಡಬಹುದೇ ಎಂದು ನಿಮ್ಮ ಉಸ್ತಾದರನ್ನು ಕೇಳಿ. ಒಂದು ಮೆಡಿಕಲ್ ಅಂಗಡಿ ಅಥವಾ ಜನೌಷಧಿ ಕೇಂದ್ರದೊಂದಿಗೆ ಮಾತನಾಡಿ ಲೆಕ್ಕ ಇಡಿ. ರೋಗಿ ಚೀಟಿ ತಂದರೆ ಮದ್ದು ಸಿಗಲಿ, ಬಿಲ್ಲು ಸಮಿತಿಗೆ ಬರಲಿ. ಹೆಸರು ಹೊರಬೀಳಬಾರದು, ಫೋಟೋ ಬೇಡ. ಮಹಿಳೆಯರ ಚೀಟಿಗಳನ್ನು ನೋಡಿಕೊಳ್ಳಲು ಇಬ್ಬರು ಸಹೋದರಿಯರಿರಲಿ. ಹತ್ತು ಮನೆಗಳ ತಿಂಗಳ ಗುಳಿಗೆಗೆ ತಗಲುವ ಮೊತ್ತ, ಒಬ್ಬರು ಒಂದು ದಿನ ಐಸಿಯುನಲ್ಲಿ ಮಲಗಿದರೆ ಬರುವ ಬಿಲ್ಲಿಗಿಂತ ಹೆಚ್ಚಾಗುವುದು ಅಪರೂಪ. ಮುಂದಿನ ಸಮಿತಿ ಸಭೆಯಲ್ಲಿ ಇದನ್ನೂ ಒಂದು ವಿಷಯವಾಗಿ ಬರೆದುಕೊಳ್ಳಿ.